ಗೋವಳನಾಡಿನ ಹಾಲು

ಗೋವಳನಾಡಿನ ಊರೂರಿನಲ್ಲೂ ಡಂಗುರ ಸಾರಿಸಲಾಯಿತು: "ಬಲ್ಲರಸ ಮಹಾಪ್ರಭುಗಳು ಮೂರು ಒಗಟು ಕೇಳುತ್ತಾರೆ. ಬಿಡಿಸಿದವನು ಬೇಡಿದ್ದನ್ನು ಪಡೆಯುತ್ತಾನೆ. ತಪ್ಪಿದವನ ತಲೆ ಉಳಿಯುವುದಿಲ್ಲ."

ಡಂಗುರದಲ್ಲಿ ಹೇಳದೆ ಬಿಟ್ಟ ಮಾತೊಂದಿತ್ತು. ಅದು ಅರಸನಿಗೂ ಮುದುಕ ಮಂತ್ರಿಗೂ ಮಾತ್ರ ಗೊತ್ತು. ಸರಿಯಾದ ಉತ್ತರ ಹೇಳುವವನೇ ಅಪರಾಧಿ ಎಂದು ಅರಸ ನಂಬಿದ್ದ. ಒಗಟುಗಳು ಅವನನ್ನು ಹಿಡಿಯಲು ಒಡ್ಡಿದ ಬಲೆ.

ಆದದ್ದಿಷ್ಟು. ಅರಸನ ಮಗಳನ್ನು ನೋಡಲು ಕಡಲನಾಡಿನಿಂದ ಬೀಗರು ಬಂದಿದ್ದರು. ಗೋವಳನಾಡಿನಲ್ಲಿ ಅತಿಥಿಗೆ ತಂಬಿಗೆ ತುಂಬ ಕಾಯಿಸಿದ ಹಾಲು ಕೊಡುವುದು ಪದ್ಧತಿ. ಬೀಗರು ಕುಡಿದರು. ಸ್ವಲ್ಪ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಹೊರಳಾಡಿದರು. ಮರುದಿನವೇ ನದಿ ದಾಟಿ ಹೋಗಿ, ವಿಷ ಹಾಕಿದವರನ್ನು ಒಪ್ಪಿಸದಿದ್ದರೆ ದಂಡು ತರುತ್ತೇವೆಂದು ಹೇಳಿ ಕಳಿಸಿದರು. ಅರಸ ಹಾಲು ಕಾಯಿಸಿದ ಸೋಮವ್ವನನ್ನು ಸೆರೆಗೆ ಹಾಕಿಸಿದ. ಆಮೇಲೆ ಅಡುಗೆಯವರನ್ನು ಅನುಮಾನಿಸಿದ, ಕಾವಲಿನವರನ್ನು ಅನುಮಾನಿಸಿದ. ಬೀಗರೇ ನಾಟಕ ಆಡಿದರೋ ಎಂದೂ ಅನುಮಾನಿಸಿದ. ಅರಮನೆಯಲ್ಲಿ ಇಬ್ಬರು ನಿಂತು ಮಾತಾಡಿದರೆ ಸಾಕು, ಮೂರನೆಯವನನ್ನು ಕರೆದು ಏನು ಮಾತಾಡಿದರೆಂದು ಕೇಳುತ್ತಿದ್ದ.

ಮೊದಲು ಬಂದವನು ಪೇಟೆಯ ವೈದ್ಯ. ಅರಸ ಕೇಳಿದ: "ಒಂದೇ ಹಂಡೆಯ ಹಾಲು ನಾನೂ ಕುಡಿದೆ, ಅವರೂ ಕುಡಿದರು. ನನಗೆ ಸುಖನಿದ್ದೆ, ಅವರಿಗೆ ಸಂಕಟ. ನಂಜು ಎಲ್ಲಿತ್ತು?"

"ತಂಬಿಗೆಗಳಿಗೆ ಮದ್ದು ಸವರಿದ್ದರು, ಪ್ರಭು."

"ಆ ತಂಬಿಗೆಗಳಲ್ಲೇ ಉಳಿದದ್ದನ್ನು ನನ್ನ ಆಳುಗಳು ಕುಡಿದರು. ಅವರಿಗೇನೂ ಆಗಲಿಲ್ಲ." ತಲೆ ತೆಗೆಯುವ ದಿನದವರೆಗೆ ಇರಲೆಂದು ವೈದ್ಯನನ್ನು ಸೆರೆಗೆ ಒಯ್ದರು.

ಎರಡನೆಯವನು ಮಾಟ ತೆಗೆಯುವವನು. ಬೀಗರ ಮೇಲೆ ಯಾರದೋ ದೃಷ್ಟಿ ಬಿದ್ದಿದೆ ಎಂದ. "ಅವರ ಕಂಕುಳ ಕೂಸುಗಳೂ ಅದೇ ಹಾಲು ಕುಡಿದು ಆಡಿಕೊಂಡಿದ್ದವು. ದೃಷ್ಟಿ ಕೂಸುಗಳನ್ನು ಬಿಟ್ಟು ದೊಡ್ಡವರಿಗೇ ತಗಲಿತೋ?" ಎಂದ ಅರಸ. ಅವನೂ ಸೆರೆ ಸೇರಿದ.

ಆಮೇಲೆ ಬಂದವನು ದುಗ್ಗ, ನದಿಯ ಕಡವಿನಲ್ಲಿ ದೋಣಿ ನಡೆಸುವವನು. ಸೋಮವ್ವ ಅವನ ಒಡಹುಟ್ಟಿದ ಅಕ್ಕ. ತಲೆ ಹೋದರೂ ಸರಿ, ಅಕ್ಕನನ್ನು ಬಿಟ್ಟು ಬದುಕಲಾರೆ ಎಂದು ಬಂದಿದ್ದ. ಅರಸ ಮೊದಲ ಒಗಟನ್ನೇ ಮತ್ತೆ ಕೇಳಿದ.

"ನಂಜು ಎಲ್ಲೂ ಇರಲಿಲ್ಲ, ಬುದ್ಧಿ," ಎಂದ ದುಗ್ಗ. "ಹಾಲಿನೊಳಗೆ ಒಂದು ಸಿಹಿಯಿದೆ. ಅದನ್ನು ಅರಗಿಸುವ ಶಕ್ತಿ ಅವರ ಹೊಟ್ಟೆಯಲ್ಲಿಲ್ಲ. ನಿಮ್ಮವರು ತಲೆತಲಾಂತರದಿಂದ ಹಸುವಿನ ಹಿಂದೆ ನಡೆದವರು. ಅವರು ಮೀನು, ಗಂಜಿಯಲ್ಲಿ ಬೆಳೆದವರು."

ಅರಸ ಮಂತ್ರಿಯ ಕಡೆ ನೋಡಿದ. "ಕೂಸಿಗಿದ್ದು ಯೋಧನಿಗಿಲ್ಲದ್ದು ಯಾವುದು?"

"ಅದೇ ಶಕ್ತಿ. ತಾಯಿಹಾಲು ಕುಡಿಯುವಾಗ ಎಲ್ಲರಿಗೂ ಇರುತ್ತದೆ. ಮೊಲೆ ಬಿಟ್ಟ ಮೇಲೆ ಹಲವರಿಗೆ ಕರಗಿ ಹೋಗುತ್ತದೆ. ಕೆಲವು ಕುಲಗಳಲ್ಲಿ ಹೆಚ್ಚು ಜನಕ್ಕೆ ಉಳಿಯುತ್ತದೆ."

"ಹಿಂದಿನ ದಿನ ಅದೇ ಹಸುಗಳ ಮಜ್ಜಿಗೆ ಕುಡಿದು ಅವರು ನಗುತ್ತಿದ್ದರು. ಹಾಲು ಮಜ್ಜಿಗೆಯಾಗುವಾಗ ಕದ್ದು ಹೋಗುವುದು ಯಾವುದು?"

"ಆ ಸಿಹಿ, ಬುದ್ಧಿ. ಹೆಪ್ಪು ಅದನ್ನು ತಿಂದು ಹುಳಿ ಮಾಡುತ್ತದೆ. ಉಳಿದದ್ದು ಹೊಟ್ಟೆಗೆ ಭಾರವಲ್ಲ."

ಅರಸ ಮೆಲ್ಲಗೆ ಎದ್ದ. "ಇವನ ಕೈಗೆ ಕೋಳ ಹಾಕಿ. ಇಷ್ಟೆಲ್ಲ ತಿಳಿದವನೇ ಅಕ್ಕನಿಗೆ ಹೇಳಿಕೊಟ್ಟು ಅವರಿಗೆ ಹಾಲು ಕುಡಿಸಿದ್ದಾನೆ."

ದುಗ್ಗ ಕೋಳಕ್ಕೆ ಕೈ ಒಡ್ಡಿದ. ಆದರೂ ಹೇಳಿದ: "ನಮ್ಮವ್ವ ಕಡಲನಾಡಿನವಳು, ಅಪ್ಪ ಇಲ್ಲಿಯ ದನಗಾಹಿ. ಅಕ್ಕ ಅಪ್ಪನ ಹಾಗೆ, ನಾನು ಅವ್ವನ ಹಾಗೆ. ಹಾಲು ಕುಡಿದರೆ ನಾನೂ ಹೊರಳಾಡುತ್ತೇನೆ. ಮನೆಯಲ್ಲಿ ಕಂಡದ್ದನ್ನು ಹೇಳಿದೆ. ನಂಬದಿದ್ದರೆ ಇಬ್ಬರಿಗೂ ಇಲ್ಲೇ ಕುಡಿಸಿ ನೋಡಿ."

ಅರಸ ಹಸುವನ್ನು ಸಭೆಗೇ ತರಿಸಿದ. ತನ್ನೆದುರೇ ಹಾಲು ಹಿಂಡಿಸಿ, ತನ್ನೆದುರೇ ಕಾಯಲಿಡಿಸಿದ. ಸೋಮವ್ವನನ್ನು ಸೆರೆಯಿಂದ ಕರೆತಂದರು. "ನಿನಗೆ ಆಗದು ತಮ್ಮಾ, ಬೇಡ," ಎಂದಳು ಅವಳು. ದುಗ್ಗ ಕೇಳಲಿಲ್ಲ. ಇಬ್ಬರೂ ಒಂದೇ ಪಾತ್ರೆಯಿಂದ ಕುಡಿದರು.

ಬಿಸಿಲು ನೆತ್ತಿಗೇರುವ ಹೊತ್ತಿಗೆ ದುಗ್ಗನ ಹೊಟ್ಟೆ ಸಭೆಗೆಲ್ಲ ಕೇಳುವಂತೆ ಗುಡುಗಿತು. ಅವನು ಬೆವತು, ಮೈ ಮುದುಡಿಕೊಂಡು ನೆಲಕ್ಕೆ ಕುಳಿತ. ಸೋಮವ್ವ ಸೆರಗಿನಿಂದ ಅವನ ಹಣೆ ಒರೆಸುತ್ತಿದ್ದಳು. ಅವಳಿಗೆ ಏನೂ ಆಗಿರಲಿಲ್ಲ.

"ನಾಟಕ," ಎಂದ ಅರಸ. ಆದರೆ ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

ಆಗ ಮುದುಕ ಮಂತ್ರಿ ಮುಂದೆ ಬಂದ. "ನಾಟಕವಲ್ಲ, ಪ್ರಭು. ನನಗೂ ಹಾಲು ಆಗದು. ನಿಮ್ಮ ಪಟ್ಟಾಭಿಷೇಕದ ದಿನದಿಂದ ನೀವು ಕೊಟ್ಟ ಹಾಲನ್ನೆಲ್ಲ ತುಳಸಿಕಟ್ಟೆಗೆ ಸುರಿಯುತ್ತ ಬಂದಿದ್ದೇನೆ."

"ಗೋವಳನಾಡಿನಲ್ಲೇ ಹುಟ್ಟಿದವನು ನೀನು. ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನಿಮ್ಮ ಹಾಲಿನಲ್ಲಿ ನಾನು ವಿಷ ಕಂಡೆನೆಂದು ಅನುಮಾನಿಸುತ್ತಿದ್ದಿರಿ."

ಅರಸ ಸಭೆಯ ಕಡೆ ತಿರುಗಿದ. "ಇನ್ನು ಯಾರಿಗೆ ಆಗದು?" ಎಂದು ಕೇಳಿದ. ಸೇನಾಪತಿ ತಲೆ ತಗ್ಗಿಸಿಕೊಂಡು ಕೈ ಎತ್ತಿದ. ಹಿಂದೆ ನಿಂತಿದ್ದ ಕಾವಲಿನವನೊಬ್ಬ ಎತ್ತಿದ. ಇನ್ನೂ ಕೆಲವರು ಎತ್ತಿದರು.

ಅರಸ ತಾನೇ ಇಳಿದು ಬಂದು ದುಗ್ಗನ ಕೋಳ ಬಿಚ್ಚಿದ. "ಏನು ಬೇಕು, ಕೇಳು."

"ಅಕ್ಕನನ್ನು ಬಿಡಿ, ಬುದ್ಧಿ. ಒಳಗಿರುವವರನ್ನೂ ಬಿಡಿ. ಅವರು ತಪ್ಪು ಹೇಳಿದರೇ ಹೊರತು ಸುಳ್ಳು ಹೇಳಲಿಲ್ಲ."

ಎಲ್ಲರನ್ನೂ ಬಿಟ್ಟರು. ನದಿಯ ಕಡವನ್ನೂ ಅದರ ದಂಡೆಯ ಗದ್ದೆಗಳನ್ನೂ ಅರಸ ದುಗ್ಗನ ವಂಶಕ್ಕೆ ಬರೆದುಕೊಟ್ಟ. ಕಡಲನಾಡಿನವರಿಗೆ ನಡೆದದ್ದನ್ನೆಲ್ಲ ವಿವರಿಸಿ ಕ್ಷಮೆ ಕೇಳಿದ್ದರಿಂದ ದಂಡು ಬರಲಿಲ್ಲ, ದಿಬ್ಬಣ ಬಂತು. ಬಾಗಿಲಲ್ಲಿ ಅರಸನೇ ನಿಂತು, ಒಬ್ಬೊಬ್ಬ ಅತಿಥಿಯನ್ನೂ, "ನಿಮಗೆ ಹಾಲೋ, ಮಜ್ಜಿಗೆಯೋ?" ಎಂದು ಕೇಳಿ ಕೇಳಿ ಒಳಗೆ ಕರೆದುಕೊಂಡ.