ಮಂಗಳನ ಮುಖ ನೋಡಲು ಬಂದವನು

ಓಬಳಯ್ಯ ಕಲ್ಲು ಒಡೆಯುವವನು. ಹೆಂಡತಿ ಸತ್ತ ಮೇಲೆ ಸುತ್ತಿಗೆ ಬಿಟ್ಟ. ಹೊಳೆ ದಾಟಿ ಆಶ್ರಮಕ್ಕೆ ಬಂದ.

ಆ ಆಶ್ರಮದ ಗುರುಗಳು ಗಾಜು ಉಜ್ಜಿ ದುರ್ಬೀನು ಮಾಡುತ್ತಿದ್ದರು. ಬಂದವರಿಗೆ ಆಕಾಶ ತೋರಿಸುತ್ತಿದ್ದರು. ಉಪದೇಶ ಕಡಿಮೆ.

ಓಬಳಯ್ಯನೂ ಗಾಜು ಉಜ್ಜಲು ಕೂತ. ಮೂರು ತಿಂಗಳು ಉಜ್ಜಿದ. ಯಾರ ಜೊತೆಗೂ ಮಾತಿಲ್ಲ. ಉಜ್ಜುವಾಗ ಹಲ್ಲು ಕಡಿಯುತ್ತಿದ್ದ.

ಒಂದು ಸಂಜೆ ಗುರುಗಳ ಮುಂದೆ ಬಂದು ನಿಂತ. ಕೈ ಮುಗಿಯಲಿಲ್ಲ.

"ಬುದ್ಧಿ, ನನಗೊಂದು ದುರ್ಬೀನು ಬೇಕು."

"ಏನು ನೋಡ್ತೀಯ?"

"ಮಂಗಳನ್ನ."

"ಯಾಕೆ?"

"ನನ್ನ ಹೆಂಡ್ತಿ ಸಿದ್ದಗಂಗೀನ ತಿಂದೋನು ಅವನು. ಮುಖ ನೋಡಿ ಉಗೀಬೇಕು."

"ಉಗಿಯೋಕೆ ದುರ್ಬೀನು ಯಾಕಯ್ಯ? ಬಾಯಲ್ಲಿ ಎಂಜಲಿದ್ರೆ ಸಾಕು."

ಓಬಳಯ್ಯ ನಗಲಿಲ್ಲ.

"ತಮಾಷೆ ಬೇಡ ಬುದ್ಧಿ. ಜೋಯಿಸರು ಜಾತಕ ಬರೆದು ಹೇಳಿದ್ರು. ಮಗು ಹುಟ್ಟಿದ ಗಳಿಗೇಲಿ ಮಂಗಳ ಎಂಟನೇ ಮನೇಲಿ ಕೂತಿದ್ದ. ತಾಯೀನ ತಗೊಂಡ. ಮುಂದಕ್ಕೆ ಅಪ್ಪನ ಸರದಿ. ಆ ಮಗು ಮುಖ ನೋಡಬೇಡ ಅಂದ್ರು."

"ನೋಡಿಲ್ವಾ?"

"ಇಲ್ಲ. ಹೆಣ್ಣು ಮಗು. ಎದುರು ದಡದಲ್ಲಿ ಅತ್ತೆ ಹತ್ರ ಐತೆ. ನಾಲ್ಕು ತಿಂಗಳಾಯ್ತು."

"ಅತ್ತೆ ಏನಂತಾರೆ?"

"ಮೂರು ಸಲ ಹೇಳಿ ಕಳಿಸಿದ್ರು. ನನಗೆ ವಯಸ್ಸಾಯ್ತು, ಕೈಲಾಗಲ್ಲ, ಬಂದು ಕರ್ಕೊಂಡು ಹೋಗು ಅಂತ. ಈ ಅಮಾವಾಸ್ಯೆ ಒಳಗೆ ಬರದಿದ್ರೆ ಯಾರಾದ್ರೂ ಸಾಕೋರಿಗೆ ಕೊಟ್ಬಿಡ್ತೀನಿ ಅಂತ."

"ನೀನೇನಂದೆ?"

"ಮೊದಲು ಅವನನ್ನ ನೋಡ್ಕೊಂಡು ಬರ್ತೀನಿ ಅಂದೆ."

ಗುರುಗಳು ಎದ್ದರು.

"ಸರಿಯಾದ ಹೊತ್ತಿಗೇ ಕೇಳ್ದೆ. ಎರಡು ವರ್ಷಕ್ಕೊಂದು ಸಲ ಅವನು ಹತ್ತಿರ ಬರ್ತಾನೆ. ಈಗ ಬಂದಿದ್ದಾನೆ. ಬಾ, ಆರಿಸ್ಕೋ."

ಚಾವಡಿಯಲ್ಲಿ ಮೂರು ದುರ್ಬೀನು ಇದ್ದವು. ಒಂದು ಹಿತ್ತಾಳೆಯದು, ಮೊಳದುದ್ದ. ಇನ್ನೊಂದು ಆಳೆತ್ತರ. ಮೂರನೆಯದು ಹಂಡೆಯಷ್ಟು ದಪ್ಪ. ಎತ್ತಲು ಇಬ್ಬರು ಬೇಕು.

"ದೊಡ್ಡದು," ಅಂದ ಓಬಳಯ್ಯ.

"ಮೊದಲು ಚಿಕ್ಕದರಲ್ಲಿ ನೋಡು. ದೊಡ್ಡದು ಎಲ್ಲಾನೂ ದೊಡ್ಡದು ಮಾಡುತ್ತೆ. ಗಾಳಿಯ ನಡುಕವನ್ನೂ, ನಿನ್ನ ಕೈಯ ನಡುಕವನ್ನೂ."

ಓಬಳಯ್ಯ ಹಿತ್ತಾಳೆಯದನ್ನು ಕಸಿದುಕೊಂಡು ಅಂಗಳಕ್ಕೆ ಹೋದ. ಕಣ್ಣಿಟ್ಟ. ಹಾಗೇ ಹಿಂದಕ್ಕೆ ಬಂದ.

"ಬರೀ ಕೆಂಪು ಚುಕ್ಕಿ. ಇದಕ್ಕೆ ನನ್ನ ಕಣ್ಣೇ ಸಾಕಿತ್ತು. ದೊಡ್ಡ ಪಾಪಿಗೆ ದೊಡ್ಡದೇ ಬೇಕು ಬುದ್ಧಿ."

"ಹೊರು ಹಾಗಾದ್ರೆ."

ಒಬ್ಬನೇ ಹೊತ್ತ. ಹೊಳೆ ದಂಡೆಯ ಹಾಸುಬಂಡೆಯ ಮೇಲೆ ಇಳಿಸಿದ. ದೀಪ ಹಚ್ಚುವ ಹೊತ್ತು. ಪೂರ್ವದಲ್ಲಿ ಮಂಗಳ ಮೇಲಕ್ಕೆ ಬರುತ್ತಿದ್ದ, ಕೆಂಡದ ಹಾಗೆ.

ಗುರುಗಳು ಕೊಳವೆಯನ್ನು ಅತ್ತ ತಿರುಗಿಸಿ ಕೊಟ್ಟರು.

"ಸಿಕ್ಕಿದ," ಅಂದ ಓಬಳಯ್ಯ. ಉಸಿರು ಜೋರಾಯಿತು. "ಸಿಕ್ಕಿದ ಮನೆಹಾಳ."

ಮರುಗಳಿಗೆಯೇ ಕೂಗಿದ.

"ಎಲ್ಲಿ ಹೋದ? ಓಡಿಹೋದ ಬುದ್ಧಿ! ತಪ್ಪಿಸ್ಕೊಂಡ!"

"ಅವನೆಲ್ಲೂ ಓಡ್ಲಿಲ್ಲ. ನೀನು ನಿಂತಿರೋ ನೆಲ ತಿರುಗ್ತಾ ಇದೆ. ಕೊಳವೆ ತಳ್ಳು. ನಿಧಾನ."

ಓಬಳಯ್ಯ ತಳ್ಳಿದ. ಹಿಡಿದ. ಮತ್ತೆ ತಪ್ಪಿತು. ಬೈದ. ಮತ್ತೆ ಹಿಡಿದ. ಅಂಗಿ ಬೆನ್ನಿಗೆ ಅಂಟಿತು.

"ಏನು ಕಾಣುತ್ತೆ?"

ಅವನು ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕೊಳವೆಗೆ ಒತ್ತಿದ.

"ಒಂದು ಕಡಲೆಕಾಳಿನಷ್ಟು ಐತೆ. ಕೆಂಪಗೆ. ಒಂದು ಅಂಚಲ್ಲಿ ಬೆಳ್ಳಗೆ."

"ಅದು ಮಂಜುಗಡ್ಡೆ. ಮುಖ ಕಾಣುತ್ತಾ?"

"ಇಲ್ಲ."

"ಬಾಯಿ?"

"ಇಲ್ಲ."

"ತಿಂದ ಅಂದ್ಯಲ್ಲ. ಹಲ್ಲಾದ್ರೂ ಇವೆಯಾ ನೋಡು."

"ನನ್ನ ಕೆಣಕಬೇಡಿ ಬುದ್ಧಿ!"

ಕೊಳವೆಗೆ ಕೈ ಬೀಸಿ ಬಡಿದ. ತಗಡು ದಢ್ ಅಂತು.

"ಬಡಿ. ಅದಕ್ಕೂ ನೋವಾಗಲ್ಲ," ಅಂದರು ಗುರುಗಳು.

"ಇದು ಸಾಲದು. ಇನ್ನೂ ದೊಡ್ಡದು ಎಲ್ಲೈತೆ ಹೇಳಿ. ನಡ್ಕೊಂಡಾದ್ರೂ ಹೋಗ್ತೀನಿ."

"ದೊಡ್ಡ ಬೆಟ್ಟಗಳ ಮೇಲೆ ಇವೆ, ಮನೆಯಷ್ಟು ದೊಡ್ಡವು. ಹೋಗು. ಅಲ್ಲೂ ಮಣ್ಣು, ಮಂಜುಗಡ್ಡೆಯೇ ಕಾಣೋದು."

"ಅಷ್ಟು ದೂರ ಇದ್ದಾನಾ ಅವನು?"

"ಹತ್ತಿರ ಬಂದಾಗಲೇ ನಾಲ್ಕೈದು ಕೋಟಿ ಮೈಲಿ."

ಗುರುಗಳು ಬಂಡೆಯ ಮೇಲೆ ಕೂತರು.

"ನಿಮ್ಮೂರಿಂದ ಆಸ್ಪತ್ರೆ ಎಷ್ಟು ದೂರ?"

ಓಬಳಯ್ಯ ತಿರುಗಿ ನೋಡಿದ.

"ಮೂರು ಮೈಲಿ."

"ಅವಳಿಗೆ ನೋವು ಯಾವತ್ತು ಬಂತು?"

"ಮಂಗಳವಾರ ಬೆಳಿಗ್ಗೆ."

"ಗಾಡಿ ಯಾವಾಗ ಕಟ್ಟಿದೆ?"

ಓಬಳಯ್ಯ ಮತ್ತೆ ಕೊಳವೆಗೆ ಕಣ್ಣಿಟ್ಟ.

"ಕೇಳಿದ್ದು ಕೇಳಿಸ್ತಾ?"

"ಬುಧವಾರ."

"ಯಾಕೆ?"

"ಮಂಗಳವಾರ ಬಸುರಿ ಹೊಸಿಲು ದಾಟಬಾರದು ಅಂದ್ರು ಜೋಯಿಸರು. ಅವನ ದಿನ, ಅವನ ಕಣ್ಣು ಬೀಳುತ್ತೆ ಅಂದ್ರು. ಹೊತ್ತು ಹುಟ್ಲಿ ಅಂತ ಕಾದೆ." ಕೊಳವೆಯಿಂದ ಕೈ ತೆಗೆದ. "ಅವಳು ಹೊರಡೋಣ ಅಂದ್ಲು ಬುದ್ಧಿ. ಎರಡು ಸಲ ಅಂದ್ಲು. ನಾನು ಗದರಿಸ್ದೆ. ಸುಮ್ನಿರೇ ಅಂದೆ."

"ಆಮೇಲೆ?"

"ಸುಮ್ನಾದ್ಲು."

ಗುರುಗಳು ಏನೂ ಅನ್ನಲಿಲ್ಲ.

ಅನ್ನದೆ ಇದ್ದದ್ದಕ್ಕೇ ಓಬಳಯ್ಯ ಉರಿದುಬಿದ್ದ.

"ನಿಮಗೇನು ಗೊತ್ತು? ಹೆಂಡ್ತಿ ಕಂಡೋರಲ್ಲ, ಮಕ್ಕಳು ಕಂಡೋರಲ್ಲ. ಗಾಜು ಉಜ್ಕೊಂಡು ಕೂತೋರು! ನಾನ್ಯಾಕೆ ಇಲ್ಲಿಗೆ ಬಂದೆ? ಅವನೇ ತಿಂದ ಅಂತ ನೀವು ಹೇಳ್ತೀರಿ ಅಂತ. ಜೋಯಿಸರು ಹೇಳಿದ್ದು ಸಾಲಲಿಲ್ಲ ನನಗೆ. ನೀವು ಹೇಳಿದ್ರೆ ನಂಬ್ಕೊಂಡು ಇರೋಣ ಅಂತ ಬಂದೆ. ಹೇಳಿ! ಒಂದು ಮಾತು ಹೇಳಿ ಸಾಕು!"

"ಹೇಳಲ್ಲ."

"ಹಂಗಾದ್ರೆ ನಾನು ಹೆಂಗೆ ಬದುಕ್ಲಿ?"

"ನನಗೆ ಗೊತ್ತಿಲ್ಲ."

"ಗುರು ಅಂತ ಕೂತ್ಕೊಂಡು ಗೊತ್ತಿಲ್ಲ ಅಂತೀರಲ್ಲ!"

"ಗೊತ್ತಿಲ್ಲದ್ದು ಗೊತ್ತಿಲ್ಲ ಕಣೋ!"

ಗುರುಗಳ ದನಿ ಏರಿದ್ದನ್ನು ಓಬಳಯ್ಯ ಅವತ್ತೇ ಮೊದಲು ಕೇಳಿದ್ದು.

"ಸಿಟ್ಟು ನಿನಗೊಬ್ಬನಿಗೇ ಬರುತ್ತಾ? ಕೋಟಿ ಮೈಲಿ ಆಚೆಯವನನ್ನ ನೋಡೋಕೆ ಮೂರು ತಿಂಗಳು ಗಾಜು ಉಜ್ಜಿದೆ. ಎದುರು ದಡದಲ್ಲಿ ಇರೋಳನ್ನ ನೋಡೋಕೆ ಒಂದು ಸಲ ದೋಣಿ ಹತ್ತಲಿಲ್ಲ. ಗಾಳಿ ಇತ್ತ ಬೀಸಿದಾಗ ಅವಳು ಅಳೋದು ಈ ದಡಕ್ಕೆ ಕೇಳುತ್ತೆ. ಮುದುಕ ನಾನು, ನನಗೇ ಕೇಳುತ್ತೆ. ನಿನಗೆ ಕೇಳಲ್ವಾ?"

ಓಬಳಯ್ಯ ಕುಸಿದು ಕೂತ.

"ಕೇಳುತ್ತೆ," ಅಂದ. "ದಿನಾ ಕೇಳುತ್ತೆ."

ಆಮೇಲೆ ಅತ್ತ. ಸಿಟ್ಟಲ್ಲೇ ಅತ್ತ. ಬಂಡೆಗೆ ಮುಷ್ಟಿ ಗುದ್ದಿ ಗುದ್ದಿ ಅತ್ತ.

ಗುರುಗಳು ತಡೆಯಲಿಲ್ಲ. ದುರ್ಬೀನಿನ ಬಾಯಿಗೆ ಬಟ್ಟೆ ಕಟ್ಟಿದರು. ಅವನ ಪಕ್ಕದಲ್ಲಿ ಬಂದು ಕೂತರು.

ಬೆಳಗಾಯಿತು. ದೋಣಿ ಬಂತು. ಓಬಳಯ್ಯ ಹತ್ತಿ ಕೂತ. ಗೆಣ್ಣುಗಳ ಮೇಲೆ ರಕ್ತ ಒಣಗಿತ್ತು. ಕೂತವನು ಮತ್ತೆ ಅರ್ಧ ಎದ್ದ.

"ಬುದ್ಧಿ, ಒಂದು ಮಾತು. ನೇರ ನೋಡೋಕೆ ಇನ್ನೂ ಭಯ ಆಗುತ್ತೆ. ಬಟ್ಟಲಲ್ಲಿ ಎಣ್ಣೆ ಹುಯ್ದು, ಮೊದಲು ಅದರಲ್ಲಿ ಮಗು ಮುಖದ ನೆರಳು ನೋಡಿದ್ರೆ ಅಪ್ಪನಿಗೆ ದೋಷ ತಟ್ಟಲ್ಲ ಅಂತಾರೆ. ಎಷ್ಟು ಎಣ್ಣೆ ತಗೊಂಡು ಹೋಗ್ಲಿ?"

ಗುರುಗಳು ನೀರಿಗಿಳಿದು ದೋಣಿಯನ್ನು ತಳ್ಳಿದರು.

"ಅವಳ ನೆತ್ತಿಗೆ ತಟ್ಟೋವಷ್ಟು."