ಹೊಸ ಹೆಪ್ಪು

"ಗುರುಗಳೇ, ಹಳೆಯದನ್ನು ಅಳಿಸಿ ಹೊಸದನ್ನು ಬರೆಯಲು ಅರ್ಧ ನಿಮಿಷ ಸಾಕು. ಅಷ್ಟಕ್ಕೆ ಇಷ್ಟು ಭಯವೇಕೆ?"

ಕೇಳಿದವನು ಚನ್ನವೀರ. ಗಡಿಯಾರ ರಿಪೇರಿಯ ಫಕೀರಪ್ಪ ಮಾಸ್ತರರಲ್ಲಿ ಕೆಲಸ ಕಲಿಯುತ್ತಿದ್ದ. ಅವನ ಕೈಯಲ್ಲಿದ್ದ ಸ್ಮಾರ್ಟ್‌ವಾಚ್ ಮುಕ್ತ ತಂತ್ರಾಂಶದ್ದು. ಒಳಗಿರುವುದನ್ನು ಯಾರು ಬೇಕಾದರೂ ತಿದ್ದಬಹುದು. ಅವನೀಗ ಬದಲಿಸಹೊರಟದ್ದು ಬೂಟ್‌ಲೋಡರನ್ನು, ಅಂದರೆ ಎಲ್ಲಕ್ಕಿಂತ ಮೊದಲು ಎದ್ದು ಉಳಿದದ್ದನ್ನೆಲ್ಲ ಎಬ್ಬಿಸುವ ತುಣುಕನ್ನು. ವಾಚು ಕಿವಿ ಕೇಳದ ಅವನ ಅಕ್ಕನದು. ದಿನಾ ಬೆಳಗ್ಗೆ ಅದು ಮಣಿಕಟ್ಟಿನ ಮೇಲೆ ನಡುಗಿದರೇ ಅವಳಿಗೆ ಎಚ್ಚರ, ಆಮೇಲೆ ಗಾರ್ಮೆಂಟ್ಸ್ ಪಾಳಿ. ಬ್ಯಾಟರಿ ಕಾಲು ಭಾಗವಷ್ಟೇ ಉಳಿದಿತ್ತು. ಆದರೂ ಚನ್ನವೀರನಿಗೆ ಅವಸರ.

ಮಾಸ್ತರರು ಭೂತಗನ್ನಡಿ ತೆಗೆದಿಟ್ಟರು. "ಅವಸರವೇ ಅಪಘಾತಕ್ಕೆ ಕಾರಣ ಅಂತ ಲಾರಿಯ ಹಿಂದೆಯೇ ಬರೆದಿರುತ್ತದೆ. ನಾನು ಬೇರೆ ಹೇಳಬೇಕೆ? ಕತೆ ಕೇಳು," ಎಂದರು.

ಒಬ್ಬ ಮೊಸರಿನವಳಿದ್ದಳು. ಹತ್ತು ಮನೆಗಳಿಗೆ ದಿನಾ ಮೊಸರು ಹಾಕುವ ವರ್ತನೆ, ಅದೇ ಅವಳ ಅನ್ನ. ಅವಳದು ಅತ್ತೆಯ ಕಾಲದ ಹೆಪ್ಪು. ನಿನ್ನೆಯ ಮೊಸರಿನ ಒಂದು ಚಮಚ ಇಂದಿನ ಹಾಲಿಗೆ, ಇಂದಿನದು ನಾಳೆಗೆ. ಒಮ್ಮೆ ತವರಿನ ನೆಂಟರು ಇನ್ನೂ ಗಟ್ಟಿ ಮೊಸರಾಗುವ ಹೆಪ್ಪು ತಂದುಕೊಟ್ಟರು. ಅವಳ ಹಿಗ್ಗು ಏನು ಹೇಳಲಿ! ಹಳೆಯದು ಇನ್ನೇಕೆಂದು ಮಡಕೆಯನ್ನು ತಿಕ್ಕಿ ತೊಳೆದಳು. ಹಾಲು ಉಗುರುಬೆಚ್ಚಗಾಗುವವರೆಗೆ ಕಾಯಬೇಕಿತ್ತು. ಕಾಯಲಿಲ್ಲ. ಸುಡುವ ಹಾಲಿಗೇ ಹೊಸ ಹೆಪ್ಪನ್ನೆಲ್ಲ ಸುರಿದುಬಿಟ್ಟಳು. ಬೆಳಗ್ಗೆ ನೋಡಿದರೆ ಹಾಲು ಹೆಪ್ಪುಗಟ್ಟಿರಲಿಲ್ಲ. ಹೊಸ ಹೆಪ್ಪು ಸತ್ತಿತ್ತು, ಹಳೆಯದು ಬಚ್ಚಲು ಸೇರಿತ್ತು.

"ಅಯ್ಯೋ, ನನ್ನ ತಲೆಯ ಮೇಲೆ ನಾನೇ ಕಲ್ಲು ಹಾಕಿಕೊಂಡೆನಲ್ಲಾ!" ಎಂದು ಹೊಸ್ತಿಲಲ್ಲಿ ಕೂತು ಅತ್ತಳು.

ಪಕ್ಕದ ಮನೆಯವಳು ಅಳು ಕೇಳಿ ಬಂದಳು. ಹಿಂದಿನ ದಿನ ಇವಳಿಂದಲೇ ಕೊಂಡ ಮೊಸರು ಅವಳ ಬಟ್ಟಲಲ್ಲಿ ಒಂದಿಷ್ಟು ಉಳಿದಿತ್ತು. "ತಗೋ ಅಕ್ಕಾ, ನಿನ್ನದೇ ಇದು" ಎಂದು ಕೊಟ್ಟಳು. ಮೊಸರಿನವಳ ಅನ್ನ ಉಳಿಯಿತು. ಮುಂದೆ ಮತ್ತೊಮ್ಮೆ ಹೊಸ ಹೆಪ್ಪು ತಂದಾಗ ಅವಳು ಹಳೆಯ ಮಡಕೆಯನ್ನು ಮುಟ್ಟಲಿಲ್ಲ. ಹೊಸದನ್ನು ಮೊದಲು ಒಂದು ಬಟ್ಟಲಿಗೆ ಹಾಕಿ ನೋಡಿದಳು. ಬೆರಳದ್ದಿ ಹಾಲಿನ ಬಿಸಿ ನೋಡಿದಳು. ಗಟ್ಟಿಯಾಗುವ ತನಕ ಪಾತ್ರೆ ಅಲುಗಿಸಲಿಲ್ಲ.

ಚನ್ನವೀರನಿಗೆ ನಿರಾಳವಾಯಿತು. ನಗುತ್ತ, "ಹಾಗಾದರೆ ಕೆಟ್ಟರೂ ಸರಿಹೋಗುತ್ತದೆ ಅನ್ನಿ. ಈಗಲೇ ಮುಗಿಸಿಬಿಡುತ್ತೇನೆ," ಎಂದ.

ಮಾಸ್ತರರು ವಾಚನ್ನು ಅವನ ಕೈಯಿಂದ ತೆಗೆದುಕೊಂಡು ಬೋರಲು ಹಾಕಿದರು. ಎಬ್ಬಿಸುವ ತುಣುಕೇ ಕೆಟ್ಟರೆ ಒಳಗೆ ತಂತಿ ಜೋಡಿಸಿಯೇ ಮತ್ತೆ ಬರೆಯಬೇಕು. ಆದರೆ ಒಂದು ತಂತಿ ತೂರಲೂ ಸಂದಿಲ್ಲದಂತೆ ತಯಾರಿಸಿದವರು ಅದರ ಬೆನ್ನಿಗೆ ಅಂಟು ಹಾಕಿ ಮುಚ್ಚಿದ್ದರು.

"ಇದಕ್ಕೆ ಪಕ್ಕದ ಮನೆ ಯಾವುದು, ಮಗಾ?"