ಗುಂಡಿಲ್ಲದ ಬಂದೂಕು

"ಬುದ್ಧಿ, ಎದುರಿನವರು ಬಾಯಿಗೆ ಬಂದ ಹಾಗೆ ಬೈದರೆ, ಸಿಟ್ಟು ಮಾಡ್ಕೊಂಡೋನದು ತಪ್ಪು ಹೇಗಾಗುತ್ತೆ?" ಎಂದು ಚನ್ನವೀರ ಗುರುಗಳನ್ನು ಕೇಳಿದ.

ಅವನು ವಿದ್ಯೆ ಕಲಿಯಲೆಂದು ಮಠಕ್ಕೆ ಬಂದು ಸೇರಿದವನು. ಬೆಳಿಗ್ಗೆ ದಾಸೋಹದ ಮನೆಯ ಅಡಿಗೆಯವನ ಜೊತೆ ಜಗಳವಾಗಿತ್ತು. ಹಿಂದಿನ ಮಠವನ್ನೂ ಇಂಥದೇ ಒಂದು ಮಾತಿಗೆ ಬಿಟ್ಟು ಬಂದಿದ್ದ. ಈಗ ಇಲ್ಲಿಂದಲೂ ಹೊರಡುವವನಾಗಿ ಬಟ್ಟೆಯ ಗಂಟು ಕಟ್ಟಿಕೊಂಡೇ ನಿಂತಿದ್ದ.

ಗುರುಗಳು ಸರಿ ತಪ್ಪು ಹೇಳಲಿಲ್ಲ. "ಹೋಗೋನನ್ನ ಬೇಡ ಅನ್ನೋಲ್ಲ. ಒಂದು ಕತೆ ಕೇಳಿಕೊಂಡು ಹೋಗು" ಎಂದು ಅವನನ್ನು ಕೂರಿಸಿ ಹೇಳತೊಡಗಿದರು.

ಒಬ್ಬ ತರುಣ ಸೈನ್ಯಕ್ಕೆ ಸೇರಿದ. ಊರಿನವರು ಹಾರ ಹಾಕಿ ಕಳಿಸಿದ್ದರು. ತರಬೇತಿಯ ಓಟದಲ್ಲಿ ಅವನೇ ಮುಂದು. ಕವಾಯತಿನಲ್ಲಿ ಅವನ ಹೆಜ್ಜೆಯಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಬಂದೂಕು ಕೈಗೆ ಬಂದಾಗ ಮಾತ್ರ ಎಲ್ಲ ಕೆಟ್ಟಿತು. ಅವನು ಹೊಡೆದ ಗುಂಡು ಗುರಿಹಲಗೆಗೆ ತಾಗುವುದೇ ಅಪರೂಪ. ಬಹುಪಾಲು ಹಲಗೆಯ ಮುಂದಿನ ಮಣ್ಣನ್ನು ಎಬ್ಬಿಸಿ ಸುಮ್ಮನಾಗುತ್ತಿತ್ತು.

ಗುರಿಯ ಪರೀಕ್ಷೆಯಲ್ಲಿ ಸೋತವನಿಗೆ ಆ ಪಡೆಯಲ್ಲಿ ಜಾಗವಿರಲಿಲ್ಲ. ಪೆಟ್ಟಿಗೆ ಹೊತ್ತು ಊರಿಗೆ ವಾಪಸು ಹೋಗಬೇಕು. ಹಾರ ಹಾಕಿದವರ ಮುಂದೆ ತಲೆ ಎತ್ತುವುದು ಹೇಗೆ ಎಂಬ ಚಿಂತೆಯಲ್ಲಿ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಸೈನ್ಯದಲ್ಲಿ ಕಲಿಸುವವನನ್ನು ಉಸ್ತಾದ ಎನ್ನುತ್ತಾರೆ. ಇವನಿಗೆ ಸಿಕ್ಕ ಉಸ್ತಾದ ಒಳ್ಳೆಯ ಮನುಷ್ಯ, ಗದರುವವನಲ್ಲ. ತಾನೂ ಪಕ್ಕದಲ್ಲಿ ಬೋರಲು ಮಲಗಿ, ಮೊಣಕೈ ಎಲ್ಲಿ ಊರಬೇಕು, ಉಸಿರು ಯಾವಾಗ ಹಿಡಿಯಬೇಕು ಎಂದು ಬೇಸರವಿಲ್ಲದೆ ತೋರಿಸಿಕೊಡುತ್ತಿದ್ದ. ತರುಣ ಎಲ್ಲವನ್ನೂ ಚಾಚೂ ತಪ್ಪದೆ ಮಾಡುತ್ತಿದ್ದ. ಆದರೂ ಗುಂಡು ಮಣ್ಣಿಗೇ ಹೋಗುತ್ತಿತ್ತು.

ತಾನು ಸರಿಯಾಗಿಯೇ ಗುರಿ ಇಡುತ್ತೇನೆ, ಬಂದೂಕು ಒದೆಯುವುದರಿಂದ ಎಲ್ಲ ಕೆಡುತ್ತದೆ ಎಂದು ಅವನು ದೂರು ಹೇಳಿದ. ಭುಜದ ಮೇಲೆ ಕಂದಿದ್ದ ಜಾಗವನ್ನೂ ತೋರಿಸಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಜೊತೆಯವರು ನಕ್ಕರು. ಉಸ್ತಾದ ನಗಲಿಲ್ಲ. ಬೇರೊಂದು ಬಂದೂಕು ತರಿಸಿಕೊಟ್ಟ. ಅದೂ ಒದೆಯಿತು. ಒದೆಯದ ಬಂದೂಕನ್ನು ಯಾವ ಪುಣ್ಯಾತ್ಮ ಮಾಡಿಟ್ಟಿದ್ದಾನೆ?

ಪರೀಕ್ಷೆಗೆ ಮುಂಚಿನ ದಿನ, ಗುಂಡು ತುಂಬುವ ಕೆಲಸವನ್ನು ಉಸ್ತಾದ ತಾನೇ ವಹಿಸಿಕೊಂಡ. ಪ್ರತಿ ಸಲವೂ ಬೆನ್ನು ತಿರುಗಿಸಿ ಬಂದೂಕು ಸಜ್ಜುಮಾಡಿ ತರುಣನ ಕೈಗೆ ಕೊಡುತ್ತಿದ್ದ. ಮೊದಲನೆಯ ಗುಂಡು ಮಣ್ಣಿಗೆ ಹೋಯಿತು. ಎರಡನೆಯದೂ ಅಷ್ಟೆ. ತರುಣ ಮತ್ತೆ ಬಂದೂಕು ತೆಗೆದುಕೊಂಡು, ಗುರಿ ಇಟ್ಟು, ಉಸಿರು ಹಿಡಿದು ಟ್ರಿಗರ್ ಒತ್ತಿದ.

ಟಿಕ್ ಎಂದಿತು. ಸದ್ದಿಲ್ಲ, ಹೊಗೆಯಿಲ್ಲ, ಒದೆತವೂ ಇಲ್ಲ. ಆದರೆ ಬಂದೂಕಿನ ಮೂತಿ ಸರಕ್ಕನೆ ಕೆಳಕ್ಕೆ ಬಾಗಿತು. ತರುಣನ ಕಣ್ಣು ಬಿಗಿಯಾಗಿ ಮುಚ್ಚಿತ್ತು, ಹಲ್ಲು ಕಚ್ಚಿತ್ತು, ಭುಜ ಮುಂದಕ್ಕೆ ನುಗ್ಗಿತ್ತು. ಕಣ್ಣು ತೆರೆದು ನೋಡಿದರೆ ಮೂತಿ ಇದ್ದದ್ದು ದಿನವೂ ಗುಂಡು ಬೀಳುತ್ತಿದ್ದ ಆ ಮಣ್ಣಿನ ಕಡೆಗೇ.

ಅವನು ಗರ ಬಡಿದವನಂತೆ ಮಲಗಿದಲ್ಲೇ ಉಳಿದ. ಬಂದೂಕನ್ನು ಬೇರೆ ಯಾರೂ ಮುಟ್ಟಿರಲಿಲ್ಲ. ಬಗ್ಗಿಸಿದ ಕೈ ತನ್ನದೇ. ಬಗ್ಗಿಸಿದ್ದು ಮಾತ್ರ ತನಗೆ ಗೊತ್ತೇ ಇರಲಿಲ್ಲ. ಕಳ್ಳನನ್ನು ಊರೆಲ್ಲ ಹುಡುಕಿ ಬಂದು ತನ್ನ ಮನೆಯ ಅಟ್ಟದ ಮೇಲೆ ಕಂಡವನ ಹಾಗಾಗಿತ್ತು ಅವನ ಸ್ಥಿತಿ.

"ಒಳಗೆ ಗುಂಡು ಇತ್ತಾ, ಉಸ್ತಾದ್?" ಎಂದ.

"ಇರಲಿಲ್ಲ. ಬಂದೂಕು ಒದೆಯೋದು ಗುಂಡು ಸಿಡಿದ ಮೇಲೆ. ನೀನು ಅದಕ್ಕೂ ಮೊದಲೇ ಒದೀತೀಯ."

ತರುಣನಿಗೆ ನಾಚಿಕೆಯೂ ದಿಗಿಲೂ ಒಟ್ಟಿಗೇ ಆದವು. ಉಸ್ತಾದ ಮತ್ತೆ ಬೆನ್ನು ತಿರುಗಿಸಿ ಬಂದೂಕು ಸಜ್ಜುಮಾಡಿದ. ಸಂಜೆಯವರೆಗೂ ಹೀಗೇ ನಡೆಯಿತು. ಕೆಲವು ಸಲ ಗುಂಡಿತ್ತು, ಕೆಲವು ಸಲ ಇರಲಿಲ್ಲ. ಯಾವಾಗ ಇದೆಯೆಂದು ತರುಣನಿಗೆ ತಿಳಿಯುತ್ತಿರಲಿಲ್ಲ. ಬೆಚ್ಚಿದಾಗಲೆಲ್ಲ ಮೂತಿ ಬಾಗಿ ಅವನನ್ನು ತೋರಿಸಿಕೊಡುತ್ತಿತ್ತು. ಬಾಗಿ ಬಾಗಿ, ಬರುಬರುತ್ತ ಬಾಗುವುದು ಕಡಿಮೆಯಾಯಿತು. ಹೊತ್ತು ಇಳಿಯುವಾಗ ಒಂದು ಸಲ, ಮೆಲ್ಲಗೆ ಒತ್ತುತ್ತಿದ್ದ ಹಾಗೇ ಢಂ ಎಂದಿತು. ಅವನು ಬೆಚ್ಚಿದ್ದು ಸದ್ದಾದ ಮೇಲೆ. ಆ ಗುಂಡು ಹಲಗೆಯ ನಡುವಿನ ಕಪ್ಪು ಬೊಟ್ಟಿಗೆ ತಾಗಿತ್ತು.

ಪರೀಕ್ಷೆಯ ಬೆಳಿಗ್ಗೆ ಅವನಿಗೆ ಮತ್ತೆ ಹೆದರಿಕೆ ಹತ್ತಿತು. "ಇವತ್ತು ನಾನೇ ತುಂಬಬೇಕು. ಪ್ರತಿ ಸಲವೂ ಗುಂಡು ಇದ್ದೇ ಇರುತ್ತೆ ಅಂತ ಗೊತ್ತಲ್ಲ, ಏನು ಮಾಡಲಿ?" ಎಂದು ಕೇಳಿದ.

"ತುಂಬೋದು ಬಂದೂಕಿಗೆ ತಾನೆ? ನಿನ್ನೊಳಗೆ ಯಾಕೆ ತುಂಬಿಕೊಳ್ತೀಯ?" ಎಂದು ಉಸ್ತಾದ ಅವನ ಬೆನ್ನು ತಟ್ಟಿ ಕಳಿಸಿದ. ತರುಣ ಪರೀಕ್ಷೆಯಲ್ಲಿ ಗೆದ್ದ.

ಗುರುಗಳು ಕತೆ ಮುಗಿಸಿದರು. ಚನ್ನವೀರನ ಮುಖ ಕೆಂಪಗಾಗಿತ್ತು. ಅವನು ದಡಕ್ಕನೆ ಎದ್ದು ನಿಂತ.

"ಅಂದರೆ ತಪ್ಪೆಲ್ಲ ನಂದೇ ಅಂತೀರಾ? ಆ ಅಡಿಗೆಯವನು ಸಾಧು, ನಾನೊಬ್ಬನೇ ಜಗಳಗಂಟ. ನಿಮ್ಮ ಹತ್ತಿರಾನೂ ಬೈಸಿಕೊಳ್ಳೋಕೆ ನಾನು ಬರಬೇಕಿತ್ತಾ, ಬುದ್ಧಿ?" ಎಂದ. ಅವನ ದನಿ ಅಂಗಳದಲ್ಲಿದ್ದವರಿಗೂ ಕೇಳಿಸಿತು.

ಗುರುಗಳು ಮೆಲ್ಲಗೆ ಹೇಳಿದರು: "ನಾನು ಸಿಪಾಯಿಯ ಕತೆ ಹೇಳಿದೆನಪ್ಪ, ನಿನ್ನನ್ನು ಎಲ್ಲಿ ಬೈದೆ?"

ಚನ್ನವೀರ ದಡಕ್ಕನೆ ಎದ್ದ ಜಾಗದಲ್ಲೇ ಮೆಲ್ಲಗೆ ಕೂತುಕೊಂಡ.